ಮಂಡ್ಯದ ಭಟ್ಟಿ, ಮಲೆನಾಡಿನ ನೀರು

ಆಷಾಢದಲ್ಲಿ ಮೂಡಿಗೆರೆಯ ಬೆಟ್ಟಗಳ ಮೇಲೆ ಸುರಿದ ಮಳೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಮಲೆನಾಡಿನ ಯಾವ ಶಾಲೆಯ ಹುಡುಗನೂ ಉತ್ತರ ಹೇಳಬಲ್ಲ. ಹಳ್ಳವಾಗಿ ಇಳಿದು, ಹೇಮಾವತಿಯಾಗಿ ಹರಿದು, ಗೊರೂರಿನ ಅಣೆಕಟ್ಟೆ ದಾಟಿ ಕೃಷ್ಣರಾಜಸಾಗರವನ್ನು ಸೇರುತ್ತದೆ. ತಲಕಾವೇರಿಯಿಂದ ಬಂದ ನೀರೂ ಲಕ್ಷ್ಮಣತೀರ್ಥದ ನೀರೂ ಅಲ್ಲಿಯೇ ಕೂಡುತ್ತವೆ. ಅಲ್ಲಿಂದ ಮುಂದಿನ ದಾರಿಯನ್ನು ಮಾತ್ರ ನಮ್ಮ ಪಠ್ಯಪುಸ್ತಕಗಳು ಅರ್ಧಕ್ಕೇ ನಿಲ್ಲಿಸುತ್ತವೆ. ಆ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬಿನ ಗದ್ದೆಗೆ ಹಾಯುತ್ತದೆ. ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಾಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿ ಭಟ್ಟಿಗೆ ಹೋಗಿ ಮದ್ಯಸಾರವಾಗುತ್ತದೆ. ಮದ್ಯಸಾರ ಬಾಟಲಿಯನ್ನೋ ಪೊಟ್ಟಣವನ್ನೋ ಸೇರಿ, ಲಾರಿ ಏರಿ, ಘಾಟಿ ಹತ್ತಿ, ಮಳೆ ಹೊರಟ ಊರಿಗೇ ಮರಳಿ ಬರುತ್ತದೆ. ನೀರಾಗಿ ಇಳಿದದ್ದು ಮದ್ಯವಾಗಿ ಏರಿ ಬರುವ ಈ ಸುತ್ತನ್ನು ಮಲೆನಾಡಿನವರು ಒಮ್ಮೆಯಾದರೂ ಪೂರ್ತಿಯಾಗಿ ನೋಡಬೇಕಾಗಿದೆ.

ವಿಸ್ಕಿ ಎಂದೊಡನೆ ಓದಿದವರ ಕಣ್ಣಿಗೆ ಕಟ್ಟುವುದು ಮಂಡ್ಯವಲ್ಲ, ಸ್ಕಾಟ್ಲೆಂಡಿನ ದೂರದ ದ್ವೀಪಗಳು. ಅವುಗಳಲ್ಲಿ ಐಲಾ ಎಂಬುದು ಹೆಸರಾಂತದ್ದು. ಸುಮಾರು ಮೂರು ಸಾವಿರದ ಚಿಲ್ಲರೆ ಜನ ವಾಸಿಸುವ ಆ ಪುಟ್ಟ ದ್ವೀಪಕ್ಕೆ ಜಗತ್ತಿನ ಮೂಲೆಮೂಲೆಗಳಿಂದ ಜನರು ಹಡಗು ಹತ್ತಿ ಹೋಗುತ್ತಾರೆ. 1779ರಷ್ಟು ಹಿಂದಿನ ಬೌಮೋರ್, 1815ರ ಲಫ್ರೋಯಿಗ್, 1816ರ ಲಗವುಲಿನ್ ಮೊದಲಾದ ಭಟ್ಟಿಗಳ ಬಿಳಿಗೋಡೆಗಳ ಮುಂದೆ ನಿಲ್ಲುವುದನ್ನು ಯಾತ್ರೆಯೆಂದೇ ಭಾವಿಸುತ್ತಾರೆ. ಅಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ, ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸಿ, ಹುದುಗೆಬ್ಬಿಸಿ, ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಕಡಿಮೆಯೆಂದರೆ ಮೂರು ವರ್ಷ ಇರಿಸಬೇಕೆಂಬುದು ಆ ದೇಶದ ಕಾನೂನು.

ಆ ದ್ವೀಪದ ಸೊಗಸನ್ನು ಹೊಗಳುವವರು ಸಾಮಾನ್ಯವಾಗಿ ಹೇಳದ ಎರಡು ಸಂಗತಿಗಳು ಮಲೆನಾಡಿನ ಓದುಗರಿಗೆ ಉಪಯುಕ್ತ. ಮೊದಲನೆಯದು ಪೀಟ್. ಅದು ಸಾವಿರಾರು ವರ್ಷ ನೀರಿನಲ್ಲಿ ನಿಂತು ಅರೆಕೊಳೆತ ಪಾಚಿ ಮತ್ತು ಹುಲ್ಲಿನ ಪದರ. ಹೆಚ್ಚೆಂದರೆ ವರ್ಷಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುವ ಆ ಮಣ್ಣು ಒಂದು ಮೀಟರ್ ದಪ್ಪವಾಗಲು ಸಾವಿರ ವರ್ಷ ಬೇಕು. ಭೂಮಿಯ ನೆಲದಲ್ಲಿ ಶೇಕಡ ಮೂರರಷ್ಟು ಮಾತ್ರ ಇರುವ ಇಂಥ ಜೌಗುಗಳು ಜಗತ್ತಿನ ಮಣ್ಣಿನಲ್ಲಿರುವ ಇಂಗಾಲದ ಮೂರನೆಯ ಒಂದು ಭಾಗದಷ್ಟನ್ನು ಹಿಡಿದಿಟ್ಟುಕೊಂಡಿವೆ ಎಂಬುದು ವಿಜ್ಞಾನಿಗಳ ಅಂದಾಜು. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು ಕಂಡವರಿಗೆ ಜೌಗಿನ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಎರಡನೆಯದು ಭಟ್ಟಿಯ ಉಳಿಕೆ. ಐಲಾದಲ್ಲಿ ಬಾರ್ಲಿಯ ಚರಟ ದನಗಳಿಗೆ ಮೇವಾಗುತ್ತದೆ. ಹಂಡೆಯಲ್ಲಿ ಉಳಿದ ಕೊಳೆನೀರನ್ನು ಟ್ಯಾಂಕರುಗಳಲ್ಲಿ ಸಾಗಿಸಿ, ಸೆಳವು ಬಲವಾಗಿರುವ ಕಡಲ ಕಾಲುವೆಗೆ ಕೊಳವೆಯಿಂದ ಬಿಡುವುದು ಅಲ್ಲಿಯ ರೂಢಿ. ದ್ವೀಪಕ್ಕೆ ಸುತ್ತಲೂ ಸಮುದ್ರವಿದೆ. ಮಂಡ್ಯಕ್ಕೆ ಇರುವುದು ಶಿಂಷಾ ಮತ್ತು ಕಾವೇರಿ ಮಾತ್ರ.

ಹಾಗೆಂದು ಮಂಡ್ಯ ಜಿಲ್ಲೆಗೆ ದ್ವೀಪವೇ ಇಲ್ಲವೆಂದಲ್ಲ. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ಎರಡಾಗಿ ಒಡೆದು, ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ, ಗಗನಚುಕ್ಕಿ ಮತ್ತು ಭರಚುಕ್ಕಿಗಳಾಗಿ ಧುಮುಕುತ್ತದೆ. 1902ರಲ್ಲಿ ಆ ಧುಮುಕುವ ನೀರಿನಿಂದಲೇ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗೆ ಒಯ್ಯಲಾಯಿತು. ಮಲೆನಾಡಿನಲ್ಲಿ ಬಿದ್ದ ಮಳೆ ದೂರದವರ ಸಂಪತ್ತಾಗುವ ಕಥೆಯ ಮೊದಲ ಅಧ್ಯಾಯ ಅದು. ಎರಡನೆಯ ಅಧ್ಯಾಯ ಕಬ್ಬಿನದು.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮುಗಿಯುವ ಹೊತ್ತಿಗೆ ಎರಡು ದಶಕಗಳು ಕಳೆದಿದ್ದವು. ಹುಲಿಕೆರೆಯ ಸುರಂಗವನ್ನು ಕೊರೆದು ತಂದ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ರಾಗಿ ಹುರುಳಿಗಳ ಒಣನೆಲವನ್ನು ಹಸಿರಾಗಿಸಿತು. ನೀರು ಬಂದ ಮೇಲೆ ಅದಕ್ಕೆ ತಕ್ಕ ಬೆಳೆ ಬೇಕಾಯಿತು. ಬೆಳೆಗೆ ತಕ್ಕ ಕಾರ್ಖಾನೆ ಬೇಕಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಅದರ ಹಿಂದಿನ ಮುಖ್ಯ ಶಕ್ತಿ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ಡಾ. ಲೆಸ್ಲಿ ಕೋಲ್ಮನ್. ಅವರ ಹೆಸರು ಮಲೆನಾಡಿಗೆ ಹೊಸದಲ್ಲ. ಅಡಿಕೆಯ ಕೊಳೆರೋಗದ ಮೂಲವನ್ನು ಅಧ್ಯಯನ ಮಾಡಿ, ಮಳೆಗಾಲದ ಮುನ್ನ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ನಮ್ಮ ತೋಟಗಳಿಗೆ ತಂದವರು ಅವರೇ. ಮಲೆನಾಡಿನ ಅಡಿಕೆಯನ್ನು ಉಳಿಸಿದ ಕೈ ಮಂಡ್ಯದ ಕಬ್ಬನ್ನು ಬೆಳೆಸಿತು. ಬಯಲಿನ ರೈತರನ್ನು ಬೇರೆಯವರೆಂದು ಕಾಣುವ ಅಭ್ಯಾಸವುಳ್ಳವರು ಈ ನಂಟನ್ನು ನೆನಪಿಡಬೇಕು.

ಕಬ್ಬಿನಿಂದ ಸಿಹಿ ತೆಗೆಯಲು ಎರಡು ದಾರಿಗಳಿವೆ. ಆಲೆಮನೆಯಲ್ಲಿ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡಿದರೆ ರಸದಲ್ಲಿದ್ದದ್ದೆಲ್ಲ ಬಹುಮಟ್ಟಿಗೆ ಬೆಲ್ಲದಲ್ಲೇ ಉಳಿಯುತ್ತದೆ. ಮಲೆನಾಡಿನ ಜೋನಿಬೆಲ್ಲವಂತೂ ಅಚ್ಚಿಗೂ ಹೋಗದೆ ಹಾಗೆಯೇ ಡಬ್ಬಿ ಸೇರುತ್ತದೆ. ಅಲ್ಲಿ ಕಾಕಂಬಿ ಎಂಬುದೇ ಹುಟ್ಟುವುದಿಲ್ಲ. ಕಾರ್ಖಾನೆಯಲ್ಲಿ ಬಿಳಿಯ ಹರಳನ್ನು ಬೇರ್ಪಡಿಸಿದಾಗ ಮಾತ್ರ ಹರಳುಗಟ್ಟದ ಕಪ್ಪು ಪಾಕ ಉಳಿಯುತ್ತದೆ. ಅದನ್ನು ಹೊಲಕ್ಕೆ ಚೆಲ್ಲುವಂತಿಲ್ಲ, ಹೊಳೆಗೆ ಬಿಡುವಂತಿಲ್ಲ, ಬಹುಕಾಲ ಇಡುವುದೂ ಕಷ್ಟ. ಆದ್ದರಿಂದ ಸಕ್ಕರೆ ಕಾರ್ಖಾನೆಯ ಬೆನ್ನಿಗೇ ಡಿಸ್ಟಿಲರಿ ಬಂತು. ಮಂಡ್ಯದ ಮೈಷುಗರ್ ಕೂಡ ಇದಕ್ಕೆ ಹೊರತಾಗಿರಲಿಲ್ಲ. ಐಲಾದಲ್ಲಿ ಭಟ್ಟಿಗಾಗಿ ಬಾರ್ಲಿಯನ್ನು ತರುತ್ತಾರೆ. ನಮ್ಮಲ್ಲಿ ಕಾಕಂಬಿಗಾಗಿ ಭಟ್ಟಿಯನ್ನು ಕಟ್ಟಿದರು. ವಿಸ್ಕಿ ಎಂಬ ಚೀಟಿ ಅಂಟಿಸಿಕೊಂಡು ಭಾರತದಲ್ಲಿ ಮಾರಾಟವಾಗುವ ಅಗ್ಗದ ಸರಕಿನಲ್ಲಿ ಬಹಳಷ್ಟು ಈ ಕಾಕಂಬಿಯ ಮದ್ಯಸಾರಕ್ಕೆ ಬಣ್ಣ, ವಾಸನೆ ಮತ್ತು ಅಲ್ಪಸ್ವಲ್ಪ ಮಾಲ್ಟ್ ಬೆರೆಸಿದ್ದು. ಯುರೋಪಿನ ಕಾನೂನು ಇದನ್ನು ವಿಸ್ಕಿ ಎಂದು ಒಪ್ಪುವುದೇ ಇಲ್ಲ. ಬಾರ್ಲಿಯಿಂದಲೇ ಮಾಡಿದ ಬೆಂಗಳೂರಿನ ಅಮೃತ್ ಎಂಬ ಮಾಲ್ಟ್ ವಿಸ್ಕಿ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಗಿ ಹೆಸರು ಗಳಿಸಿದ್ದು ನಿಜ. ಆದರೆ ಅದು ಉಳ್ಳವರ ಮೇಜಿನ ಮಾತು. ಹಳ್ಳಿಯ ಕೂಲಿಕಾರನ ಜೇಬಿನ ಮಾತು ಬೇರೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಎಕರೆ ಕಬ್ಬಿಗೆ ವರ್ಷದಲ್ಲಿ ಸುಮಾರು ಎರಡು ಸಾವಿರ ಮಿಲಿಮೀಟರ್, ಅಂದರೆ 80 ಲಕ್ಷ ಲೀಟರ್ ನೀರು ಬೇಕು. ಎಕರೆಗೆ 40 ಟನ್ ಇಳುವರಿ ಎಂದು ಹಿಡಿದರೆ ಒಂದು ಟನ್ ಕಬ್ಬಿನ ಹಿಂದೆ ಎರಡು ಲಕ್ಷ ಲೀಟರ್ ನೀರಿದೆ. ಆ ಒಂದು ಟನ್ನಿನಿಂದ ಹೆಚ್ಚುಕಡಿಮೆ 100 ಕಿಲೋ ಸಕ್ಕರೆ, 300 ಕಿಲೋ ಸಿಪ್ಪೆ, 40ರಿಂದ 45 ಕಿಲೋ ಕಾಕಂಬಿ ದೊರೆಯುತ್ತವೆ. ಅಷ್ಟು ಕಾಕಂಬಿಯಿಂದ ಇಳಿಯುವ ಮದ್ಯಸಾರ ಹತ್ತು ಲೀಟರ್. ನೀರಿನ ಬಹುಪಾಲನ್ನು ಸಕ್ಕರೆಯ ಖಾತೆಗೇ ಬರೆಯುವುದು ನ್ಯಾಯ. ಆದರೆ ಭಟ್ಟಿಯ ಖಾತೆಗೇ ಸೇರಬೇಕಾದ ಇನ್ನೊಂದು ಬಾಬಿದೆ. ಒಂದು ಲೀಟರ್ ಮದ್ಯಸಾರ ತೆಗೆದಾಗ ಹತ್ತರಿಂದ ಹದಿನೈದು ಲೀಟರ್ ಕಡುಗಂದು ಬಣ್ಣದ, ನಾರುವ, ಆಮ್ಲೀಯ ಕೊಳೆನೀರು ಉಳಿಯುತ್ತದೆ. ಸ್ಪೆಂಟ್‌ವಾಷ್ ಎಂದು ಕರೆಯುವುದು ಇದನ್ನೇ. ದಿನಕ್ಕೆ 60 ಸಾವಿರ ಲೀಟರ್ ಮದ್ಯಸಾರ ತಯಾರಿಸುವ ಘಟಕವೊಂದರಲ್ಲಿ ದಿನವೂ ಕನಿಷ್ಠ ಆರು ಲಕ್ಷ ಲೀಟರ್ ಸ್ಪೆಂಟ್‌ವಾಷ್ ಹುಟ್ಟುತ್ತದೆ.

ಈ ಕೊಳೆನೀರಿನ ತೀವ್ರತೆಯನ್ನು ಅಳೆಯುವ ಮಾನದಂಡ ಬಿಒಡಿ. ಅದರಲ್ಲಿರುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳು ಕರಗಿಸುವಾಗ ನೀರಿನಿಂದ ಎಷ್ಟು ಆಮ್ಲಜನಕವನ್ನು ಹೀರುತ್ತವೆ ಎಂಬ ಅಳತೆ. ಊರಿನ ಚರಂಡಿ ನೀರಿನಲ್ಲಿ ಇದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಹೊಳೆಗೆ ಬಿಡಬಹುದಾದ ನೀರಿನಲ್ಲಿ 30 ಮಿಲಿಗ್ರಾಂ ಮೀರಬಾರದು. ಕಾಕಂಬಿಯ ಸ್ಪೆಂಟ್‌ವಾಷಿನಲ್ಲಿ ಅದು 40 ಸಾವಿರದಿಂದ 50 ಸಾವಿರ ಮಿಲಿಗ್ರಾಂ. ಶುದ್ಧವಾದ ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಏಳೆಂಟು ಮಿಲಿಗ್ರಾಂ ಮಾತ್ರ. ಅಂದರೆ ಶುದ್ಧಗೊಳಿಸದ ಒಂದು ಲೀಟರ್ ಸ್ಪೆಂಟ್‌ವಾಷಿಗೆ ಸುಮಾರು ಆರು ಸಾವಿರ ಲೀಟರ್ ಹೊಳೆನೀರಿನ ಉಸಿರನ್ನು ಹೀರುವ ಶಕ್ತಿಯಿದೆ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ಪೊಟ್ಟಣದಲ್ಲಿರುವ ಮದ್ಯಸಾರದ ಹಿಂದೆ ಹೆಚ್ಚುಕಡಿಮೆ ಒಂದು ಲೀಟರ್ ಸ್ಪೆಂಟ್‌ವಾಷ್ ಇರುತ್ತದೆ. ಕುಡಿದವನು ಪೊಟ್ಟಣವನ್ನು ಬೇಲಿಗೆ ಎಸೆದು ಮನೆಗೆ ಹೋಗುತ್ತಾನೆ. ಆ ಒಂದು ಲೀಟರ್ ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ.

ಮಂಡ್ಯ ಸೀಮೆಯಲ್ಲಿ ಈ ಪ್ರಶ್ನೆ ಬರಿಯ ರಸಾಯನಶಾಸ್ತ್ರದ್ದಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಮದ್ದೂರಿನ ಮೂಲಕ ಹರಿಯುವ ಶಿಂಷೆಯ ಬದಿಯಲ್ಲೇ ಕೊಕ್ಕರೆ ಬೆಳ್ಳೂರಿದೆ. ಅಲ್ಲಿ ಹುಣಿಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡು ಬಂದಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹಕ್ಕಿಗಳ ಹೊಟ್ಟೆ ತುಂಬುವುದು ಸುತ್ತಲ ಕೆರೆಗಳ ಮತ್ತು ಶಿಂಷೆಯ ಮೀನಿನಿಂದ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ನಾಲ್ಕು ಮಿಲಿಗ್ರಾಮಿಗಿಂತ ಕೆಳಗಿಳಿದರೆ ಮೀನು ಬಾಳದು; ಮೀನಿಲ್ಲದ ಊರಿಗೆ ಕೊಕ್ಕರೆ ಬಾರದು. ಕಾಯಿದೆ ಕಾಯುವುದು ಮರದ ಮೇಲಿನ ಗೂಡನ್ನು. ಗೂಡಿಗೆ ಆಹಾರ ಕೊಡುವ ನೀರನ್ನು ಕಾಯುವವರು ಬೇರೆಯೇ ಬೇಕು.

ಇಷ್ಟು ಹೇಳಿ ಭಟ್ಟಿಯೆಲ್ಲವೂ ಪಾಪವೆಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಅದು ಪ್ರಾಮಾಣಿಕವಲ್ಲ. ಕಬ್ಬು ಬೆಳೆಗಾರನ ಪಾಡು ಬಲ್ಲವರು ಹಾಗೆ ಹೇಳಲಾರರು. 2015ರಲ್ಲಿ ಸಾಲ ಮತ್ತು ಬೆಲೆ ಕುಸಿತದಿಂದ ಮಂಡ್ಯದ ಕಬ್ಬು ಬೆಳೆಗಾರರು ಆತ್ಮಹತ್ಯೆ ಮಾಡಿಕೊಂಡಾಗ ಇಡೀ ನಾಡು ನಡುಗಿತ್ತು. ಕಾಕಂಬಿ ಮತ್ತು ಮದ್ಯಸಾರದಿಂದ ಬರುವ ಹಣ ಕಾರ್ಖಾನೆಗೆ ಉಸಿರು ಕೊಡುತ್ತದೆ. ಕಾರ್ಖಾನೆ ಉಸಿರಾಡಿದರೆ ಮಾತ್ರ ರೈತನಿಗೆ ಬಾಕಿ ಬಟವಾಡೆಯಾಗುತ್ತದೆ. ವರ್ಷಗಳ ಕಾಲ ನಿಂತಿದ್ದ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಮಂಡ್ಯದ ಜನ ಸಂಭ್ರಮಪಟ್ಟದ್ದು ಸುಮ್ಮನೆ ಅಲ್ಲ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರಂತೂ ನೀರು ತಲುಪುವುದೇ ಎಂಬ ಚಿಂತೆಯಲ್ಲೇ ಪ್ರತಿ ಬೇಸಿಗೆಯನ್ನು ಕಳೆಯುತ್ತಾರೆ. ಅವರು ಮಲೆನಾಡಿನ ಮಳೆಯ ಕಳ್ಳರಲ್ಲ; ಅದೇ ಮಳೆಯ ಕೊನೆಯ ಪಾಲುದಾರರು.

ಸ್ಪೆಂಟ್‌ವಾಷಿಗೂ ಸದ್ಗತಿ ಇಲ್ಲದಿಲ್ಲ. ಅದನ್ನು ಗಾಳಿಯಾಡದ ತೊಟ್ಟಿಗಳಲ್ಲಿ ಕೊಳೆಸಿದರೆ ಗೋಬರ್ ಅನಿಲದಂಥದೇ ಇಂಧನ ಸಿಗುತ್ತದೆ. ಕಾರ್ಖಾನೆಯ ಮಡ್ಡಿಯೊಡನೆ ಬೆರೆಸಿ ಹದವರಿತು ಕಳಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಇಂಗಿಸಿ ಸುಟ್ಟರೆ ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ. ಕಬ್ಬು ಮಂಡ್ಯದ ಮಣ್ಣಿನಿಂದ ಹೀರಿಕೊಂಡದ್ದೇ ಆ ಪೊಟ್ಯಾಷ್. ಪೊಟ್ಯಾಷ್ ಗೊಬ್ಬರಕ್ಕಾಗಿ ಹೊರದೇಶಗಳನ್ನೇ ನಂಬಿರುವ ದೇಶದಲ್ಲಿ ಅದನ್ನು ಹೊಳೆಗೆ ಬಿಡುವುದು ಅಪರಾಧವಷ್ಟೇ ಅಲ್ಲ, ದಡ್ಡತನ. 2003ರಲ್ಲಿಯೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸನ್ನದು ಡಿಸ್ಟಿಲರಿಗಳಿಗೆ ಕೊಳೆನೀರನ್ನು ಜಲಮೂಲಗಳಿಗೆ ಬಿಡದಿರುವ ಗುರಿಯನ್ನು ಹಾಕಿಕೊಟ್ಟಿತು. ಉಪಾಯ ಗೊತ್ತಿದೆ, ನಿಯಮವೂ ಇದೆ. ಬೇಕಾಗಿರುವುದು ಮಳೆಗಾಲದ ರಾತ್ರಿಯಲ್ಲಿ ತೊಟ್ಟಿ ತುಂಬಿ ಹರಿದಾಗ ನೋಡುವ ಕಣ್ಣು ಮತ್ತು ಕೇಳುವ ಬಾಯಿ.

ನಮ್ಮ ನಾಡಿನಲ್ಲಿ ಅಂಥ ಬಾಯಿಗಳು ಹಿಂದೆಯೂ ತೆರೆದಿವೆ. ತುಂಗಭದ್ರೆಗೆ ಹರಿಹರದ ಕಾರ್ಖಾನೆಯ ತ್ಯಾಜ್ಯ ಸೇರಿ ಮೀನುಗಳು ಸತ್ತಾಗ ದಡದ ಹಳ್ಳಿಗಳು ಸುಮ್ಮನಿರಲಿಲ್ಲ. 1987ರಲ್ಲಿ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ನೀಲಗಿರಿಯನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹಕ್ಕೂ ಆ ಹೊಳೆಯ ನೋವಿಗೂ ನಂಟಿತ್ತು. ಹೊಳೆಯ ಮೇಲ್ಭಾಗದ ಕಾಡು ಮತ್ತು ಕೆಳಭಾಗದ ಮೀನು ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದನ್ನು ಆ ಚಳವಳಿ ನಾಡಿಗೆ ಕಲಿಸಿತು.

ಈ ಸುತ್ತಿನ ಇನ್ನೊಂದು ಕೊನೆ ಮಲೆನಾಡಿನ ಮನೆಯಂಗಳದಲ್ಲಿದೆ. ಬೈನೆ ಮರದ ಹೆಂಡವೂ ಮನೆಯ ಹಿತ್ತಿಲ ಕಳ್ಳಭಟ್ಟಿಯೂ ಇಲ್ಲಿ ಹಿಂದೆ ಇರಲಿಲ್ಲವೆಂದಲ್ಲ. ಆದರೆ ಕುಡಿತವನ್ನು ದಿನನಿತ್ಯದ ಸರಕನ್ನಾಗಿಸಿದ್ದು ಕಾರ್ಖಾನೆಯ ಮದ್ಯಸಾರ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿಯ ಪೊಟ್ಟಣ ಹೋದ ಜಾಗದಲ್ಲಿ ಅಗ್ಗದ ವಿಸ್ಕಿ, ಬ್ರಾಂದಿ, ರಮ್‌ಗಳ ಪೊಟ್ಟಣ ಬಂದು ಕುಳಿತಿತು. ಹೆಸರು ಬದಲಾಯಿತು, ಬೆಲೆ ಏರಿತು, ಕೂಲಿಯ ಹಣ ಹೋಗುವ ದಾರಿ ಬದಲಾಗಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯನಿಷೇಧಕ್ಕಾಗಿ ನಡೆದು ಬಂದರು. ಆದರೆ ಅಬಕಾರಿಯಿಂದ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಆದಾಯ ಪಡೆಯುವ ಸರ್ಕಾರಕ್ಕೆ ಆ ಹೆಜ್ಜೆಗಳ ಸದ್ದು ಕೇಳಿಸುವುದು ಕಷ್ಟ.

ಇತ್ತೀಚಿನ ವರ್ಷಗಳಲ್ಲಿ ಈ ಕಥೆಗೆ ಮೂರನೆಯ ಅಧ್ಯಾಯ ಸೇರಿದೆ. ಭಟ್ಟಿಯ ಮದ್ಯಸಾರ ಈಗ ಗಂಟಲಿಗಷ್ಟೇ ಅಲ್ಲ, ಎಂಜಿನ್ನಿಗೂ ಹೋಗುತ್ತಿದೆ. 2018ರ ಜೈವಿಕ ಇಂಧನ ನೀತಿಯ ಬಳಿಕ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕೆಲಸ ವೇಗ ಪಡೆದು, 2025ರಲ್ಲಿ ಶೇಕಡ 20ರ ಗುರಿಯನ್ನು ಮುಟ್ಟಿತು. ಉಳಿಕೆಯಾದ ಕಾಕಂಬಿಯಿಂದ ಎಥನಾಲ್ ತೆಗೆದರೆ ಅದು ಮಿತವ್ಯಯ. ಆದರೆ ಕಬ್ಬಿನ ರಸವನ್ನೇ ನೇರವಾಗಿ ಭಟ್ಟಿಗೆ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ಹಾಗೆ ತೆಗೆದ ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎಂಬ ಅಂದಾಜನ್ನು ನೀತಿ ಆಯೋಗದ 2021ರ ವರದಿಯೇ ಕೊಟ್ಟಿದೆ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೆ ಉಳಿದ ವರ್ಷ, ಸಕ್ಕರೆಯ ಅಭಾವಕ್ಕೆ ಹೆದರಿ ಕೇಂದ್ರ ಸರ್ಕಾರವೇ ಡಿಸೆಂಬರಿನಲ್ಲಿ ಕಬ್ಬಿನ ರಸದ ಎಥನಾಲನ್ನು ತಡೆಯಬೇಕಾಯಿತು. ಮರುವರ್ಷ ಆ ತಡೆ ಸಡಿಲವಾಯಿತು. ಮಳೆಯನ್ನು ನಂಬಿದ ಇಂಧನಕ್ಕೆ ಮಳೆಯ ಚಂಚಲತೆಯೂ ಅಂಟಿಕೊಂಡೇ ಬರುತ್ತದೆ.

ಮಲೆನಾಡು ಎಚ್ಚರಗೊಳ್ಳಬೇಕಾದದ್ದು ಇಲ್ಲಿಯೇ. ಎಥನಾಲಿನ ಕಚ್ಚಾವಸ್ತು ಈಗ ಕಬ್ಬನ್ನು ದಾಟಿ ಮೆಕ್ಕೆಜೋಳಕ್ಕೆ ಬಂದಿದೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಸಿಗುತ್ತದೆ. ಶಿಕಾರಿಪುರ, ಸೊರಬದ ಅರೆಮಲೆನಾಡಿನಲ್ಲಿ ಮೆಕ್ಕೆಜೋಳ ಈಗಾಗಲೇ ಊರಿದೆ. ಬೆಲೆ ಚೆನ್ನಾಗಿ ಸಿಕ್ಕರೆ ಬೆಳೆಗಾರನಿಗೆ ಒಳಿತು. ಯಾರೂ ಅದಕ್ಕೆ ಕರುಬಬೇಕಾಗಿಲ್ಲ. ಆದರೆ ಬೆಳೆಯ ಬೆನ್ನಿಗೇ ಭಟ್ಟಿ ಬರುತ್ತದೆ ಎಂಬುದು ಮಂಡ್ಯ ಕಲಿಸುವ ಪಾಠ. ಧಾನ್ಯದಿಂದ ಪೆಟ್ರೋಲಿಗೆಂದೇ ಎಥನಾಲ್ ಮಾಡುವ, ಕೊಳೆನೀರನ್ನು ಹೊರಗೆ ಬಿಡುವುದಿಲ್ಲವೆಂದು ಹೇಳಿಕೊಳ್ಳುವ ಘಟಕಗಳನ್ನು 2021ರ ಜೂನ್ ತಿಂಗಳ ಕೇಂದ್ರ ಅಧಿಸೂಚನೆ ಬಿ-2 ವರ್ಗಕ್ಕೆ ಸೇರಿಸಿತು. ಆ ವರ್ಗದ ಯೋಜನೆಗಳಿಗೆ ಪರಿಸರ ಪರಿಣಾಮದ ಪೂರ್ಣ ಅಧ್ಯಯನವೂ ಬೇಕಿಲ್ಲ, ಊರಿನವರ ಮುಂದೆ ಸಾರ್ವಜನಿಕ ಅಹವಾಲೂ ಬೇಕಿಲ್ಲ. ಕೇಳುವ ಬಾಯಿಗೆ ಕೂರಲು ಮಣೆಯನ್ನೇ ತೆಗೆದಿಟ್ಟಂತಾಯಿತು.

ಆದ್ದರಿಂದ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿಯೇ ಮೊದಲು ಕೇಳಬೇಕು. ಬರಲಿರುವ ಘಟಕ ಯಾವ ಹೊಳೆಯಿಂದ, ಯಾವ ತಿಂಗಳಲ್ಲಿ, ದಿನಕ್ಕೆ ಎಷ್ಟು ನೀರೆತ್ತುತ್ತದೆ? ಬೇಸಿಗೆಯಲ್ಲಿ ಹೊಳೆ ಬಡವಾದಾಗ ಭಟ್ಟಿಯನ್ನು ನಿಲ್ಲಿಸುವ ಕರಾರಿಗೆ ಅದು ಒಪ್ಪುತ್ತದೆಯೇ? ಹೊಳೆ ಬತ್ತುವ ಬೇಸಿಗೆಯಲ್ಲಿ ಭಟ್ಟಿಗೆ ಬಿಡುವು ಕೊಡುವ ಸಂಪ್ರದಾಯ ಸ್ಕಾಟ್ಲೆಂಡಿನಲ್ಲಿಯೇ ಇತ್ತು. ಕೊಳೆನೀರಿನ ತೊಟ್ಟಿಗಳ ಅಳತೆ ಮೂರು ಸಾವಿರ ಮಿಲಿಮೀಟರ್ ಮಳೆಯ ಊರಿಗೆ ತಕ್ಕಂತಿದೆಯೇ, ಅಥವಾ ಎಂಟುನೂರು ಮಿಲಿಮೀಟರಿನ ಬಯಲುಸೀಮೆಯ ನಕ್ಷೆಯನ್ನೇ ಇಲ್ಲಿ ಅಂಟಿಸಲಾಗಿದೆಯೇ? ನೀರಿನ ಪರೀಕ್ಷೆಯ ಫಲಿತಾಂಶ ಪಂಚಾಯಿತಿಯ ಫಲಕದ ಮೇಲೆ ತಿಂಗಳಿಗೊಮ್ಮೆ ಕಾಣುತ್ತದೆಯೇ? ಇವಕ್ಕೆ ಉತ್ತರ ದೊರೆಯುವ ಮುನ್ನ ಜಾಗ ಕೊಡುವುದು ವಿವೇಕವಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಪ್ರವಾಸವೆಂದರೆ ಕನ್ನಂಬಾಡಿಯ ಕಾರಂಜಿ ಮತ್ತು ಗಗನಚುಕ್ಕಿಯ ಹಾಲ್ನೊರೆ ಎಂದು ಮುಗಿಸದೆ, ನಡುವೆ ಮಂಡ್ಯದ ವಿ.ಸಿ. ಫಾರಂನಲ್ಲಿ ಇಳಿದು ಕಬ್ಬಿನ ತಳಿಗಳನ್ನು ನೋಡಲಿ. ಮದ್ದೂರಿನ ಸೀಮೆಯ ಆಲೆಮನೆಯ ಮುಂದೆ ನಿಂತು ಬೆಲ್ಲದ ಬಿಸಿ ಹದವನ್ನು ನೋಡಲಿ. ಕೊಕ್ಕರೆ ಬೆಳ್ಳೂರಿನ ಮರದಡಿಯಲ್ಲಿ ಒಂದು ಗಳಿಗೆ ಕೂರಲಿ. ನಾಲೆಯ ಕೊನೆಯ ಹಳ್ಳಿಯ ರೈತರೊಡನೆ ಮಾತನಾಡಲಿ. ಮೇಲಿನ ಕಾಡು ಕಡಿದರೆ ತಮ್ಮ ಗದ್ದೆ ಒಣಗುತ್ತದೆಂದು ಆ ರೈತರಿಗೆ ಗೊತ್ತಿದೆ. ಕೆಳಗಿನ ಭಟ್ಟಿ ಕೆಟ್ಟರೆ ತಮ್ಮ ಮಳೆಗೆ ಮರ್ಯಾದೆ ಉಳಿಯದೆಂದು ಮಲೆನಾಡಿಗರಿಗೂ ಗೊತ್ತಾಗಬೇಕು.

ದೂರದ ದ್ವೀಪದ ಭಟ್ಟಿಯನ್ನು ನೋಡಲು ಹಡಗು ಬೇಕು. ಮಂಡ್ಯದ ಭಟ್ಟಿಯನ್ನು ನೋಡಲು ಮನೆಯ ಮುಂದಿನ ಹಳ್ಳದ ನೀರನ್ನು ಹಿಂಬಾಲಿಸಿದರೆ ಸಾಕು.